ಇನ್ನೂರು ಪುಟ ಓದಿದೆ, ರಕ್ತಪಿಶಾಚಿ ಇನ್ನೂ ಬಂದಿಲ್ಲ

ಪ್ರಶ್ನೆ

ಮೇಡಂ, ನಮಸ್ಕಾರ. ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಮೆಟ್ರೊದಲ್ಲಿ ಹೋಗೋಕೆ ನಲವತ್ತು ನಿಮಿಷ, ಬರೋಕೆ ನಲವತ್ತು ನಿಮಿಷ. ಆಗ ಓದು ಅಂತ ನನ್ನ ತಮ್ಮ ಎಲಿಜಬೆತ್ ಕೊಸ್ಟೊವಾ ಬರೆದ ‘ದಿ ಹಿಸ್ಟೋರಿಯನ್’ ಕಾದಂಬರಿ ಕೊಟ್ಟ. ‘ಡ್ರಾಕುಲಾ ಕಥೆ ಅಕ್ಕ, ರಾತ್ರಿ ನಿದ್ದೆ ಬರಲ್ಲ ನೋಡು’ ಅಂದಿದ್ದ. ಯುಗಾದಿಗೆ ಶುರು ಮಾಡಿದ್ದು, ಗಣಪತಿ ಹಬ್ಬ ಬಂತು. ಇನ್ನೂ ಇನ್ನೂರು ಪುಟ ದಾಟಿಲ್ಲ. ಯಾರೋ ಪತ್ರ ಓದ್ತಾರೆ, ಆ ಪತ್ರದಲ್ಲಿ ಇನ್ಯಾರೋ ಲೈಬ್ರರಿಗೆ ಹೋಗ್ತಾರೆ, ಅಲ್ಲಿ ಇನ್ನೊಂದು ಪತ್ರ. ಡ್ರಾಕುಲಾ ಮಾತ್ರ ಇಲ್ಲ. ಆದರೂ ಪುಸ್ತಕ ಬಿಡೋಕೆ ಮನಸ್ಸು ಬರ್ತಿಲ್ಲ. ಇದರಲ್ಲಿ ಬರೋ ಇತಿಹಾಸ ಎಷ್ಟು ನಿಜ? ಗೂಗಲ್ ಮಾಡಿದರೆ ಕೆಲವು ಸಿಗುತ್ತೆ, ಕೆಲವು ಸಿಗಲ್ಲ. ಪತ್ರಗಳನ್ನು ಬಿಟ್ಟು ಕಥೆ ಮಾತ್ರ ಓದಬಹುದಾ? ಮೊಬೈಲ್ ನೋಡಿ ನೋಡಿ ನನ್ನ ಓದೋ ಶಕ್ತಿನೇ ಹೋಯ್ತಾ ಅಂತಾನೂ ಭಯ ಆಗ್ತಿದೆ. ಇನ್ನೊಂದು ಮಾತು. ಇಂಥ ಪುಸ್ತಕ ದಿಂಬಿನ ಪಕ್ಕ ಇಟ್ಕೊಂಡು ಮಲಗಬೇಡ ಅಂತ ನಮ್ಮ ಅತ್ತೆ ಹೇಳ್ತಾರೆ. ಏನು ಮಾಡಲಿ?

ಉತ್ತರ

ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬ ಹಿಡಿಸಿದ್ದು ‘ಆದರೂ ಬಿಡೋಕೆ ಮನಸ್ಸು ಬರ್ತಿಲ್ಲ’ ಅನ್ನೋ ಮಾತು. ಬೇಸರ ಬಂದ ಪುಸ್ತಕವನ್ನು ಯಾರೂ ಐದು ತಿಂಗಳು ಬ್ಯಾಗಿನಲ್ಲಿ ಹೊತ್ತುಕೊಂಡು ಓಡಾಡಲ್ಲ. ಪುಸ್ತಕ ನಿಮ್ಮನ್ನು ಹಿಡಿದಿದೆ. ಯಾವ ಕಡೆಯಿಂದ ಹಿಡಿದಿದೆ ಅಂತ ನಿಮಗಿನ್ನೂ ಗೊತ್ತಾಗಿಲ್ಲ, ಅಷ್ಟೇ. ಮೂವತ್ತೊಂದು ವರ್ಷ ಡಿಗ್ರಿ ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಪಾಠ ಮಾಡಿದವಳು ನಾನು. ಈ ಕಾದಂಬರಿಯನ್ನು ಮೂರು ಸಲ ಓದಿದ್ದೇನೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಕೊಡಲ್ಲ. ಓದಿ ಮುಗಿಸಿ ಅನ್ನೋದೇ ನನ್ನ ಸಲಹೆ. ಆದರೆ ಈಗ ಓದುತ್ತಿರುವ ರೀತಿಯಲ್ಲಿ ಬೇಡ.

ನಿಧಾನದ ವಿಷಯ ಮೊದಲು. ನಿಮ್ಮ ತಮ್ಮ ಹೇಳಿದ್ದು ಸಿನಿಮಾದ ಡ್ರಾಕುಲಾ. ಕಪ್ಪು ನಿಲುವಂಗಿ, ಕೋರೆ ಹಲ್ಲು, ಹತ್ತು ನಿಮಿಷಕ್ಕೊಂದು ಕಿರುಚಾಟ. ಪುಸ್ತಕದ ಡ್ರಾಕುಲಾ ಹಾಗಿಲ್ಲ. 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ ಮೂಲ ‘ಡ್ರಾಕುಲಾ’ ಕಾದಂಬರಿಯಲ್ಲಿ ಇಪ್ಪತ್ತೇಳು ಅಧ್ಯಾಯಗಳಿವೆ. ಮೊದಲ ನಾಲ್ಕರಲ್ಲಿ ಆತ ತನ್ನ ಕೋಟೆಯಲ್ಲಿ ನಮ್ಮ ಕಣ್ಣೆದುರೇ ಇರುತ್ತಾನೆ. ಆಮೇಲೆ ಅವನನ್ನು ನೇರವಾಗಿ ಕಾಣುವುದು ಬಹಳ ಕಡಿಮೆ. ಪುಸ್ತಕದ ತುಂಬ ಇರುವುದು ಡೈರಿ, ಕಾಗದ, ಟೆಲಿಗ್ರಾಂ, ಪತ್ರಿಕೆಯ ತುಣುಕು, ಹಡಗಿನ ದಿನಚರಿ. ಅದರಲ್ಲಿ ಮೀನಾ ಅಂತ ಒಬ್ಬ ಹೆಣ್ಣುಮಗಳಿದ್ದಾಳೆ. ಅವಳು ಈ ಕಾಗದಗಳನ್ನೆಲ್ಲ ಟೈಪ್ ಮಾಡಿ, ತಾರೀಖಿನ ಪ್ರಕಾರ ಜೋಡಿಸಿ ಎಲ್ಲರಿಗೂ ಓದೋಕೆ ಕೊಡುತ್ತಾಳೆ. ಅಲ್ಲಿಯವರೆಗೆ ಪ್ರತಿಯೊಬ್ಬರಿಗೂ ಗೊತ್ತಿದ್ದದ್ದು ಒಂದೊಂದು ತುಂಡು. ತುಂಡುಗಳು ಒಂದು ಕಡೆ ಸೇರಿದ ಮೇಲೇ ಅವನ ಜಾಡು ಸಿಗೋದು. ಶಿಲುಬೆ, ಬೆಳ್ಳುಳ್ಳಿ ಎಲ್ಲರಿಗೂ ನೆನಪಿದೆ. ಮೀನಾಳ ಟೈಪ್‌ರೈಟರ್ ಯಾರಿಗೂ ನೆನಪಿಲ್ಲ.

ನೀವು ಅಕೌಂಟ್ಸ್‌ನವರು. ನಿಮಗಿದು ಬೇಗ ಅರ್ಥವಾಗುತ್ತೆ. ವರ್ಷದ ಕೊನೆಯಲ್ಲಿ ಲೆಕ್ಕ ತಾಳೆಯಾಗಲಿಲ್ಲ ಅಂದ್ಕೊಳ್ಳಿ. ಎಲ್ಲೋ ಒಂದು ವೋಚರ್ ತಪ್ಪಿದೆ. ಹುಡುಕುತ್ತಾ ಹೋಗ್ತೀರಿ. ಪ್ರತಿಯೊಂದು ಚೀಟಿಯೂ ಸರಿಯಾಗೇ ಇದೆ, ಆದರೂ ಒಟ್ಟು ಮೊತ್ತ ಸರಿಯಿಲ್ಲ. ಆಗ ಹೊಟ್ಟೆಯಲ್ಲಿ ಒಂಥರಾ ಆಗುತ್ತಲ್ವಾ? ಕೊಸ್ಟೊವಾ ಹುಟ್ಟಿಸುವ ಭಯ ಅದೇ. ಕಥೆಯ ಶುರುವನ್ನು ನೆನಪು ಮಾಡಿಕೊಳ್ಳಿ. 1972, ಆಮ್‌ಸ್ಟರ್‌ಡ್ಯಾಮ್. ಹದಿನಾರು ವರ್ಷದ ಹುಡುಗಿ ಅಪ್ಪನ ಪುಸ್ತಕದ ಕಪಾಟಿನಲ್ಲಿ ಕೈಯಾಡಿಸುತ್ತಾಳೆ. ಒಂದು ಹಳೇ ಪುಸ್ತಕ ಸಿಗುತ್ತೆ. ಪುಟಗಳೆಲ್ಲ ಖಾಲಿ. ನಡುವೆ ಮಾತ್ರ ಮರದ ಅಚ್ಚಿನಿಂದ ಒತ್ತಿದ ಒಂದು ಡ್ರ್ಯಾಗನ್ ಚಿತ್ರ. ಜೊತೆಗೊಂದಷ್ಟು ಹಳೇ ಕಾಗದ. ಅವಳ ಅಪ್ಪ ಓದುತ್ತಿದ್ದಾಗ ಇಂಥ ಪುಸ್ತಕ ಅವನಿಗೆ ತಾನಾಗೇ ಬಂದು ಸೇರಿತ್ತು. ಅವನ ಗುರುವಿಗೂ ಸೇರಿತ್ತು. ಯಾರು ಇಟ್ಟರು ಗೊತ್ತಿಲ್ಲ. ಯಾರೂ ಸಹಿ ಹಾಕದ ವೋಚರ್ ಇದ್ದ ಹಾಗೆ.

ನಾನು ಸಂಶೋಧನೆ ಮಾಡುತ್ತಿದ್ದ ಕಾಲದ ಒಂದು ಸಂಗತಿ ಹೇಳುತ್ತೇನೆ. ಹಳೇ ಮೈಸೂರು ಕಡೆಯ ಒಬ್ಬ ಪಟೇಲನ ಹೆಸರು ಬೇಕಿತ್ತು. ಬರೀ ಒಂದು ಹೆಸರು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟುಗಳನ್ನು ಬೆಳಿಗ್ಗೆ ಬಿಚ್ಚೋದು, ಸಂಜೆ ಕಟ್ಟೋದು. ಬೆರಳ ತುದಿಗೆಲ್ಲ ಕಂದು ಪುಡಿ. ಹುಳು ತಿಂದ ತೂತು ಸರಿಯಾಗಿ ಬೇಕಾದ ಅಕ್ಷರದ ಮೇಲೇ ಇರುತ್ತಿತ್ತು. ಒಂಬತ್ತು ದಿನ ಏನೂ ಸಿಗಲಿಲ್ಲ. ಹತ್ತನೇ ದಿನ, ಕುದುರೆಗಳಿಗೆ ಹುರುಳಿ ಕೊಟ್ಟ ಲೆಕ್ಕದ ಚೀಟಿಯಲ್ಲಿ ಆ ಹೆಸರು ಸಿಕ್ಕಿತು. ಯಾರೂ ಇಲ್ಲದ ಕೋಣೆಯಲ್ಲಿ ಮೈ ಜುಮ್ಮೆಂದಿತು. ಎಂದೋ ಸತ್ತುಹೋದ ಮನುಷ್ಯ ಆ ಚೀಟಿಯಿಂದ ತಲೆಯೆತ್ತಿ ನನ್ನನ್ನೇ ನೋಡಿದ ಹಾಗಾಯಿತು. ಆ ಒಂಬತ್ತು ದಿನ ಇರದೇ ಹೋಗಿದ್ದರೆ ಹತ್ತನೇ ದಿನ ಹಾಗಾಗುತ್ತಿರಲಿಲ್ಲ. ಕೊಸ್ಟೊವಾ ಆ ಒಂಬತ್ತು ದಿನಗಳನ್ನು ನಮ್ಮ ಕೈಯಲ್ಲೇ ಕಳೆಸುತ್ತಾರೆ. ಈ ಕಾದಂಬರಿಗೆ ಅವರು ಹತ್ತು ವರ್ಷ ಕೂತಿದ್ದರು. ಚಿಕ್ಕವರಿದ್ದಾಗ ಅವರ ಕುಟುಂಬ ಕೆಲಕಾಲ ಸ್ಲೊವೇನಿಯಾದ ಲ್ಯುಬ್ಲಿಯಾನದಲ್ಲಿತ್ತು. ಯುರೋಪ್ ಸುತ್ತುವಾಗ ಅಪ್ಪ ಡ್ರಾಕುಲಾ ಕಥೆ ಹೇಳುತ್ತಿದ್ದರಂತೆ. ಕಾದಂಬರಿಯಲ್ಲೂ ಅಪ್ಪ ಮಗಳಿಗೆ ಊರೂರು ತಿರುಗುತ್ತಾ, ತುಂಡು ತುಂಡಾಗಿ ಕಥೆ ಹೇಳುತ್ತಾನೆ. ಭಯವಾದಾಗ ಅರ್ಧಕ್ಕೇ ನಿಲ್ಲಿಸಿಬಿಡುತ್ತಾನೆ. ಮುಂದಿನ ತುಂಡಿಗೆ ಮುಂದಿನ ಊರಿನವರೆಗೆ ಕಾಯಬೇಕು.

ಈಗ ನಿಮ್ಮ ದೊಡ್ಡ ಪ್ರಶ್ನೆ. ಎಷ್ಟು ನಿಜ?

ಕಾದಂಬರಿ ಯಾರನ್ನು ಡ್ರಾಕುಲಾ ಅನ್ನುತ್ತೋ ಆ ವ್ಲಾಡ್ ನಿಜ. ಮೂರನೇ ವ್ಲಾಡ್, ವಲಾಕಿಯಾದ ದೊರೆ. ವಲಾಕಿಯಾ ಅಂದರೆ ಈಗಿನ ರೊಮೇನಿಯಾದ ದಕ್ಷಿಣ ಭಾಗ. ಟ್ರಾನ್ಸಿಲ್ವೇನಿಯಾ ಅದರ ಉತ್ತರಕ್ಕಿದೆ. ಅವನು ಹುಟ್ಟಿದ್ದು ಬಹುಶಃ ಟ್ರಾನ್ಸಿಲ್ವೇನಿಯಾದಲ್ಲೇ, ಆದರೆ ಆಳಿದ್ದು ಅಲ್ಲಿ ಅಲ್ಲ. ಅವನ ಅಪ್ಪ 1431ರಲ್ಲಿ ‘ಡ್ರ್ಯಾಗನ್ ಪಂಥ’ ಸೇರಿದ. ತುರ್ಕರ ವಿರುದ್ಧ ಹೋರಾಡೋಕೆ ಹಂಗರಿಯ ರಾಜ ಸಿಗಿಸ್ಮಂಡ್ 1408ರಲ್ಲಿ ಕಟ್ಟಿದ ವೀರರ ಸಂಘ ಅದು. ಹಾಗಾಗಿ ಅಪ್ಪನಿಗೆ ‘ಡ್ರಾಕುಲ್’, ಅಂದರೆ ಡ್ರ್ಯಾಗನ್, ಅಂತ ಹೆಸರು ಬಂತು. ಮಗ ‘ಡ್ರಾಕುಲಾ’, ಅಂದರೆ ಡ್ರಾಕುಲನ ಮಗ. ನಿಮ್ಮ ಪುಸ್ತಕದ ಡ್ರ್ಯಾಗನ್ ಚಿತ್ರ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ವಾ.

ಹುಡುಗನಾಗಿದ್ದಾಗ ವ್ಲಾಡ್ ಮತ್ತು ಅವನ ತಮ್ಮ ರಾಡು ಇಬ್ಬರೂ ಆಟೋಮನ್ ತುರ್ಕರ ಸುಲ್ತಾನನ ಹತ್ತಿರ ಒತ್ತೆಯಾಳುಗಳಾಗಿದ್ದರು. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ (ಈಗಿನ ಇಸ್ತಾನ್‌ಬುಲ್) ಗೆದ್ದ ಸುಲ್ತಾನ ಎರಡನೇ ಮೆಹ್ಮೆದ್‌ಗೆ ಮುಂದೆ ವ್ಲಾಡ್ ಎದುರು ನಿಂತ. ಶತ್ರುಗಳನ್ನು ಶೂಲಕ್ಕೇರಿಸುತ್ತಿದ್ದ. 1462ರ ಫೆಬ್ರವರಿಯಲ್ಲಿ ಹಂಗರಿಯ ರಾಜ ಮಥಿಯಾಸ್‌ಗೆ ಅವನು ಬರೆದ ಕಾಗದ ಇದೆ. ಡಾನ್ಯೂಬ್ ನದಿಯ ದಡದ ಊರುಗಳಲ್ಲಿ 23,884 ಜನರನ್ನು ಕೊಂದೆ ಅಂತ ಲೆಕ್ಕ ಕೊಟ್ಟಿದ್ದಾನೆ. ಮನೆಗಳಲ್ಲಿ ಸುಟ್ಟುಹೋದವರು ಈ ಲೆಕ್ಕಕ್ಕೆ ಸೇರಿಲ್ಲ ಅಂತಾನೂ ಬರೆದಿದ್ದಾನೆ. ಇಪ್ಪತ್ತನಾಲ್ಕು ಸಾವಿರ ಅಂತ ಬರೆದಿದ್ದರೆ ಜಂಬ ಅಂದ್ಕೋಬಹುದಿತ್ತು. 23,884 ಅನ್ನುವಾಗ ಯಾರೋ ಕೂತು ಎಣಿಸಿದ್ದಾರೆ ಅನ್ನಿಸುತ್ತೆ. ಈ ಸಂಖ್ಯೆಯನ್ನು ತರಗತಿಯ ಬೋರ್ಡಿನ ಮೇಲೆ ಬರೆದಾಗಲೆಲ್ಲ ಹುಡುಗರು ಮಾತು ನಿಲ್ಲಿಸುತ್ತಿದ್ದರು.

ಆದರೆ ಅವನು ರಕ್ತಪಿಶಾಚಿ ಅಂತ ಅವನ ಕಾಲದ ಯಾವ ದಾಖಲೆಯೂ ಕರೆದಿಲ್ಲ. 1476ರ ಕೊನೆಗೋ 1477ರ ಶುರುವಿಗೋ ಅವನು ಸತ್ತ. ಅದಾಗಿ ನಾನೂರಕ್ಕೂ ಜಾಸ್ತಿ ವರ್ಷದ ಮೇಲೆ ಸ್ಟೋಕರ್ ಬಂದರು. ಅವರು ರೊಮೇನಿಯಾಕ್ಕೆ ಕಾಲಿಟ್ಟವರೇ ಅಲ್ಲ. 1890ರಲ್ಲಿ ಇಂಗ್ಲೆಂಡಿನ ವಿಟ್ಬಿ ಅನ್ನೋ ಕಡಲತೀರದ ಊರಿಗೆ ಹೋಗಿದ್ದಾಗ, ಅಲ್ಲಿಯ ಲೈಬ್ರರಿಯಲ್ಲಿ ವಿಲಿಯಂ ವಿಲ್ಕಿನ್‌ಸನ್ 1820ರಲ್ಲಿ ಬರೆದ ಪುಸ್ತಕವೊಂದನ್ನು ತೆರೆದರು. ಅದರಲ್ಲಿ ‘ಡ್ರಾಕುಲಾ’ ಅನ್ನೋ ಹೆಸರು ಸಿಕ್ಕಿತು. ಅಲ್ಲಿಯವರೆಗೆ ಅವರ ಟಿಪ್ಪಣಿಗಳಲ್ಲಿ ಪಾತ್ರದ ಹೆಸರು ‘ಕೌಂಟ್ ವ್ಯಾಂಪೈರ್’ ಅಂತಿತ್ತು. ಹೆಸರು ಚೆನ್ನಾಗಿದೆ ಅಂತ ತೆಗೆದುಕೊಂಡರು. ವ್ಲಾಡನ ಬದುಕಿನ ಬಗ್ಗೆ ಅವರಿಗೆ ಹೆಚ್ಚೇನೂ ಗೊತ್ತಿದ್ದ ಹಾಗೆ ಕಾಣುವುದಿಲ್ಲ. ರೊಮೇನಿಯಾದ ಬ್ರಾನ್ ಕೋಟೆಯನ್ನು ಈಗ ಡ್ರಾಕುಲಾ ಕೋಟೆ ಅಂತ ಪ್ರವಾಸಿಗಳಿಗೆ ತೋರಿಸುತ್ತಾರೆ. ವ್ಲಾಡ್ ಅದರ ಒಡೆಯ ಆಗಿರಲಿಲ್ಲ. ಅವನದು ಅನ್ನಬಹುದಾದ ಪೊಯೆನಾರಿ ಕೋಟೆ ಬೇರೆ ಬೆಟ್ಟದ ಮೇಲೆ ಹಾಳುಬಿದ್ದಿದೆ.

ಹಾಗಾದರೆ ರಕ್ತಪಿಶಾಚಿಯ ನಂಬಿಕೆ ಎಲ್ಲಿಂದ ಬಂತು? ಇದು ಬೇರೆಯೇ ಕಥೆ, ಬೇರೆಯೇ ನೆಲ. 1718ರ ಒಪ್ಪಂದದ ಮೇಲೆ ಉತ್ತರ ಸರ್ಬಿಯಾ ಆಟೋಮನ್ನರ ಕೈತಪ್ಪಿ ಆಸ್ಟ್ರಿಯಾದ ಆಳ್ವಿಕೆಗೆ ಬಂತು. ಹೊಸ ಅಧಿಕಾರಿಗಳು, ಸೈನ್ಯದ ವೈದ್ಯರು ಹಳ್ಳಿಗಳಿಗೆ ಬಂದರು. ಅಲ್ಲಿಯ ಜನ ರೋಗ ಬಂದು ಸಾವು ಹೆಚ್ಚಾದರೆ ಸಮಾಧಿ ಅಗೆದು ನೋಡುತ್ತಿದ್ದರು. ಹೆಣ ಕೊಳೆಯದೆ ಇದ್ದರೆ ಎದೆಗೆ ಗೂಟ ಹೊಡೆದು ಸುಡುತ್ತಿದ್ದರು. ಅಧಿಕಾರಿಗಳು ಇದನ್ನು ಕಣ್ಣಾರೆ ಕಂಡು ವರದಿ ಬರೆದರು. 1732ರಲ್ಲಿ ಮೆದ್ವೆಜಾ ಅನ್ನೋ ಹಳ್ಳಿಯಿಂದ ಫ್ಲೂಕಿಂಗರ್ ಅನ್ನೋ ಸೈನ್ಯದ ವೈದ್ಯ ಬರೆದ ವರದಿ ಯುರೋಪಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಅಲ್ಲಿಂದ ‘ವ್ಯಾಂಪೈರ್’ ಅನ್ನೋ ಮಾತು ಮನೆಮಾತಾಯಿತು. ಸರ್ಕಾರದ ಮೊಹರು ಬಿದ್ದ ಕಾಗದದಲ್ಲೇ ಬಂದಿದ್ದರಿಂದ ಜನ ಅದನ್ನು ನಂಬಿದರು.

ವೈದ್ಯ ಸುಳ್ಳು ಬರೆಯಲಿಲ್ಲ. ಕಂಡದ್ದನ್ನೇ ಬರೆದ. ಚಳಿ ನೆಲದಲ್ಲಿ ಹೂತ ಹೆಣ ಬೇಗ ಕೊಳೆಯುವುದಿಲ್ಲ. ಒಳಗೆ ಗಾಳಿ ತುಂಬಿ ಹೊಟ್ಟೆ ಉಬ್ಬುತ್ತೆ. ನೋಡಿದವರಿಗೆ ‘ಚೆನ್ನಾಗಿ ಉಂಡು ಮಲಗಿದ್ದಾನೆ’ ಅನ್ನಿಸುತ್ತೆ. ಆ ಒತ್ತಡಕ್ಕೆ ಕೆಂಪು ದ್ರವ ಬಾಯಿ ಮೂಗಿಗೆ ಬರುತ್ತೆ. ಚರ್ಮ ಒಣಗಿ ಹಿಂದೆ ಸರಿದಾಗ ಉಗುರು, ಕೂದಲು ಬೆಳೆದ ಹಾಗೆ ಕಾಣುತ್ತೆ. ಗೂಟ ಹೊಡೆದರೆ ಒಳಗಿನ ಗಾಳಿ ಗಂಟಲಿನಿಂದ ಹೊರಬಂದು ನರಳಿದ ಹಾಗೆ ಸದ್ದಾಗುತ್ತೆ. ನಾವು ಅಲ್ಲಿದ್ದಿದ್ದರೂ ಓಡಿಹೋಗುತ್ತಿದ್ದೆವು. ಕೊನೆಗೆ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ತನ್ನ ವೈದ್ಯ ವಾನ್ ಸ್ವೀಟನ್ ಕೊಟ್ಟ ವರದಿ ನೋಡಿ 1755ರಲ್ಲಿ ಹೀಗೆ ಹೆಣಗಳನ್ನು ಅಗೆದು ಸುಡೋದನ್ನು ನಿಲ್ಲಿಸಲು ಆಜ್ಞೆ ಹೊರಡಿಸಿದಳು.

ಸರ್ಬಿಯಾದ ರೈತರ ಹೆಣಗಳು ಒಂದು ಕಡೆ, ವಲಾಕಿಯಾದ ದೊರೆ ಇನ್ನೊಂದು ಕಡೆ. ಎರಡನ್ನೂ ಹೊಲಿದು ಒಂದು ಮಾಡಿದ್ದು ವಿಟ್ಬಿಯ ಲೈಬ್ರರಿಯಲ್ಲಿ ಸಿಕ್ಕ ಒಂದು ಹೆಸರು. ಕೊಸ್ಟೊವಾ ಆ ಹೊಲಿಗೆಯ ಮೇಲೇ ಕೂತು ಕೇಳುತ್ತಾರೆ: ಇವೆರಡೂ ಒಂದೇ ಆಗಿದ್ದರೆ? ವ್ಲಾಡ್ ನಿಜವಾಗಿಯೂ ಸಾಯದೇ ಇದ್ದಿದ್ದರೆ, ಅವನ ಜಾಡು ಯಾವ ಯಾವ ಕಾಗದಗಳಲ್ಲಿ ಉಳಿದಿರುತ್ತಿತ್ತು?

ಅದಕ್ಕಾಗಿ ಅವರು ಬಳಸೋದು ಒಂದೇ ಉಪಾಯ. ಊರು ನಿಜ, ಮನುಷ್ಯ ನಿಜ, ಕಾಗದ ಮಾತ್ರ ಕಲ್ಪನೆ. ನಿಮಗೆ ಗೂಗಲ್‌ನಲ್ಲಿ ಕೆಲವು ಸಿಕ್ಕಿ ಕೆಲವು ಸಿಗದೇ ಇರೋದು ಇದಕ್ಕೇ. ಬುಕಾರೆಸ್ಟ್ ಹತ್ತಿರ ಸ್ನಾಗೋವ್ ಸರೋವರದ ನಡುಗಡ್ಡೆಯಲ್ಲಿ ಮಠ ಇದೆ. ವ್ಲಾಡನನ್ನು ಹೂತದ್ದು ಅಲ್ಲೇ ಅನ್ನೋ ನಂಬಿಕೆ ಇದೆ. 1933ರಲ್ಲಿ ಅಲ್ಲಿ ಅಗೆದು ನೋಡಿದರು. ಅವನದು ಅಂತ ಹೇಳುತ್ತಿದ್ದ ಜಾಗದಲ್ಲಿ ಸಿಕ್ಕಿದ್ದು ಪ್ರಾಣಿಗಳ ಮೂಳೆ. ಅವನ ತಲೆಯನ್ನು ಕತ್ತರಿಸಿ ಸುಲ್ತಾನನಿಗೆ ಕಳಿಸಿದರು ಅಂತಲೂ ಹಳೇ ಬರಹಗಳು ಹೇಳುತ್ತವೆ. ಇಷ್ಟೂ ಕಾದಂಬರಿಯ ಹೊರಗೇ ಇರೋದು. ಆದರೆ ಮುಂದೆ ನಿಮಗೆ ಸಿಗುವ ಕಿರಿಲ್ ಅನ್ನೋ ಸನ್ಯಾಸಿಯ ಪತ್ರಗಳು, ಸುಲ್ತಾನ್ ಮೆಹ್ಮೆದ್ ಕಟ್ಟಿದ ಅಂತ ಹೇಳುವ ಗುಟ್ಟಿನ ಕಾವಲುಪಡೆ, ಬಲ್ಗೇರಿಯಾದ ಸ್ವೆತಿ ಗಿಯೋರ್ಗಿ ಮಠ, ಇವೆಲ್ಲ ಲೇಖಕಿಯ ಸೃಷ್ಟಿ. ಗ್ರೀಸ್‌ನ ಮೌಂಟ್ ಆಥೋಸ್ ಬೆಟ್ಟದ ಜೊಗ್ರಾಫೂ ಮಠ ಮಾತ್ರ ನಿಜ. ಅಲ್ಲಿಯ ಜಕಾರಿಯಾಸ್ ಅನ್ನೋ ಸನ್ಯಾಸಿ ಬರೆದ ಅಂತ ಬರುವ ವೃತ್ತಾಂತ ಕಲ್ಪನೆ. ಎಷ್ಟು ಹತ್ತಿರ ಹತ್ತಿರ ಇಟ್ಟಿದ್ದಾರೆ ನೋಡಿ.

ಕಾದಂಬರಿಯ ಶುರುವಿನಲ್ಲೇ ಇರುವ ‘ಓದುಗರಿಗೆ’ ಅನ್ನೋ ಮಾತನ್ನು ಇನ್ನೊಮ್ಮೆ ತೆಗೆದು ನೋಡಿ. ಒಬ್ಬ ಇತಿಹಾಸಕಾರ್ತಿ ಗಂಭೀರವಾಗಿ, ನಾನು ಯಾವ ಯಾವ ದಾಖಲೆ ಬಳಸಿದೆ ಅಂತ ಹೇಳಿ, ನೆರವಾದವರನ್ನು ನೆನೆಯುತ್ತಾಳೆ. ಯಾವುದೇ ಪಿಎಚ್‌ಡಿ ಪ್ರಬಂಧದ ಮುನ್ನುಡಿಯ ಹಾಗೆ. ಈಗ ಕೆಳಗಿನ ತಾರೀಖು ಓದಿ. 2008, ಜನವರಿ 15. ಕಾದಂಬರಿ ಅಚ್ಚಾಗಿದ್ದು 2005ರಲ್ಲಿ! ಆ ಮುನ್ನುಡಿಯೂ ಕಥೆಯ ಒಳಗಿನದೇ. ಮೊದಲ ಸಲ ಓದಿದಾಗ ನಾನು ಇದನ್ನು ಗಮನಿಸಲಿಲ್ಲ. ಎರಡನೇ ಸಲ ಕಣ್ಣಿಗೆ ಬಿದ್ದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಕಾಗದ ಕಂಡ ತಕ್ಷಣ ನಂಬುವ ನಮ್ಮ ಅಭ್ಯಾಸವನ್ನು ಈ ಲೇಖಕಿ ಎಷ್ಟು ಚೆನ್ನಾಗಿ ಬಲ್ಲರು ಅನ್ನಿಸಿತು.

ಇಲ್ಲಿ ಇತಿಹಾಸದ ಮೇಡಂ ಆಗಿ ಒಂದು ಎಚ್ಚರಿಕೆ ಹೇಳಲೇಬೇಕು. ನಿಜವಾದ ದಾಖಲೆ ಅಂದ ಮಾತ್ರಕ್ಕೆ ಅದು ಹೇಳೋದೆಲ್ಲ ನಿಜ ಅಂತಲ್ಲ. ವ್ಲಾಡನ ಕ್ರೌರ್ಯದ ಕಥೆಗಳನ್ನು ಹಬ್ಬಿಸಿದ್ದು ಬಹುಪಾಲು ಜರ್ಮನ್ ಭಾಷೆಯ ಕಿರುಪುಸ್ತಕಗಳು. ಆಗಷ್ಟೇ ಅಚ್ಚಿನ ಯಂತ್ರ ಬಂದಿತ್ತು. ಶೂಲಗಳ ಕಾಡಿನ ನಡುವೆ ಕೂತು ಅವನು ಊಟ ಮಾಡುತ್ತಿರುವ ಚಿತ್ರ 1499ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾಯಿತು. ಅಂಥ ಪುಸ್ತಕ ಚೆನ್ನಾಗಿ ಮಾರಾಟವಾಗುತ್ತಿತ್ತು. ಟ್ರಾನ್ಸಿಲ್ವೇನಿಯಾದ ಜರ್ಮನ್ ವ್ಯಾಪಾರಿಗಳಿಗೂ ವ್ಲಾಡನಿಗೂ ಜಗಳ ಇತ್ತು. ಹಂಗರಿಯ ಮಥಿಯಾಸ್ ಅವನನ್ನು 1462ರಲ್ಲಿ ಹಿಡಿದು ಸೆರೆಗೆ ಹಾಕಿದ. ತುರ್ಕರ ವಿರುದ್ಧ ಹೋರಾಡುತ್ತಿದ್ದವನನ್ನೇ ಯಾಕೆ ಹಿಡಿದೆ ಅಂತ ಕೇಳುವವರಿಗೆ ಉತ್ತರ ಕೊಡಬೇಕಿತ್ತು. ಕ್ರೂರಿ ಅನ್ನೋ ಕಥೆ ಅದಕ್ಕೆ ಅನುಕೂಲವಾಯಿತು. ಅದೇ ಶತಮಾನದ ಕೊನೆಯ ರಷ್ಯನ್ ಬರಹದಲ್ಲಿ ಇವನೇ ಕ್ರೂರಿ, ಆದರೆ ನ್ಯಾಯವಂತ. ನೀರಿನ ಬುಗ್ಗೆಯ ಹತ್ತಿರ ಚಿನ್ನದ ಬಟ್ಟಲು ಇಟ್ಟಿದ್ದ, ಕಳ್ಳತನ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ ಅಂತ ಅದು ಹೇಳುತ್ತೆ. ರೊಮೇನಿಯಾದಲ್ಲಿ ಬಹಳ ಜನಕ್ಕೆ ಅವನು ಇವತ್ತಿಗೂ ನಾಡು ಕಾದ ದೊರೆ. ಹಾಗಾಗಿ ಕಾದಂಬರಿ ಓದಿ ತುರ್ಕರು ಹೀಗೆ, ರೊಮೇನಿಯನ್ನರು ಹಾಗೆ ಅಂತ ತೀರ್ಮಾನ ಮಾಡಬೇಡಿ. ಇಸ್ತಾನ್‌ಬುಲ್‌ನಲ್ಲಿ ನಿಮಗೆ ತುರ್ಗುತ್ ಬೋರಾ ಅನ್ನೋ ಪ್ರೊಫೆಸರ್ ಸಿಗುತ್ತಾರೆ. ಈ ಕಾದಂಬರಿಯ ತುಂಬ ಪ್ರೀತಿಯ ಮನುಷ್ಯ. ಲೇಖಕಿಯೂ ಒಂದೇ ಕಡೆ ನಿಂತು ಬರೆದಿಲ್ಲ ಅನ್ನೋದು ಅಲ್ಲಿ ಗೊತ್ತಾಗುತ್ತೆ.

ಇನ್ನು ಏನು ಮಾಡಬಹುದು ಅನ್ನೋ ಮಾತು.

ಪತ್ರಗಳನ್ನು ಹಾರಿಸಬೇಡಿ. ಬೇರೆ ಕಾದಂಬರಿಗಳಲ್ಲಿ ಊರಿನ ವರ್ಣನೆ ಹಾರಿಸಿದರೆ ದೊಡ್ಡ ನಷ್ಟ ಇಲ್ಲ. ಇಲ್ಲಿ ಪತ್ರಗಳೇ ಕಥೆ. ಈಗ ಬೋರ್ ಅನ್ನಿಸುವ ಒಂದು ಪತ್ರದ ಒಂದು ಸಾಲು ಕೊನೆಯ ಭಾಗದಲ್ಲಿ ಮತ್ತೆ ಬರುತ್ತೆ. ಅದು ನೆನಪಿಲ್ಲದಿದ್ದರೆ ಅಲ್ಲಿ ‘ಓ, ಇಷ್ಟೇನಾ’ ಅನ್ನಿಸುತ್ತೆ. ‘ಕೊನೆಯಲ್ಲಿ ಏನೂ ಇಲ್ಲ’ ಅಂತ ನನ್ನ ಹತ್ತಿರ ಹೇಳಿದವರಲ್ಲಿ ಹೆಚ್ಚಿನವರು ನಡುವೆ ಹಾರಿಸಿ ಓದಿದವರು. ಊಟ, ಬೆಟ್ಟ, ಸಂಜೆ ಬೆಳಕು ಅಂತ ಎರಡು ಪುಟ ಬಂದರೆ ಬೇಕಾದರೆ ಬೇಗ ಬೇಗ ಓದಿ, ಅಡ್ಡಿಯಿಲ್ಲ. ನನಗಂತೂ ಆ ಊಟದ ವರ್ಣನೆಗಳೂ ಇಷ್ಟ.

ನಿಮಗೆ ನಿಜವಾಗಿ ತೊಂದರೆ ಕೊಡುತ್ತಿರೋದು ಕಾಲದ ಗೋಜಲು ಅಂತ ನನ್ನ ಅಂದಾಜು. ಮೂರು ಕಾಲ ಒಂದರೊಳಗೊಂದು ಇವೆ. ಗುರು ರೊಸ್ಸಿಯ ಪತ್ರಗಳು 1930ರವು. ಅಪ್ಪ ಪಾಲ್ ತನ್ನ ಗುರುವನ್ನು ಹುಡುಕಿಕೊಂಡು ಹೆಲೆನ್ ಅನ್ನೋ ಸಂಶೋಧಕಿಯ ಜೊತೆ ಹೊರಡೋದು 1950ರ ದಶಕದಲ್ಲಿ. ಮಗಳು ಇದನ್ನೆಲ್ಲ ಕೇಳೋದು 1972ರಲ್ಲಿ. ಮೂರೂ ಕಡೆ ‘ನಾನು’ ಅಂತಲೇ ಬರುತ್ತೆ. ಮೆಟ್ರೊದಲ್ಲಿ ಮೆಜೆಸ್ಟಿಕ್ ಬಂತು ಅಂತ ಅರ್ಧ ಪುಟಕ್ಕೆ ನಿಲ್ಲಿಸಿ ಇಳಿಯುತ್ತೀರಿ. ಸಂಜೆ ಮತ್ತೆ ತೆಗೆದಾಗ ಈ ‘ನಾನು’ ಯಾರು ಅನ್ನೋದೇ ಮರೆತಿರುತ್ತೆ. ಇದಕ್ಕೆ ನಿಮ್ಮ ಮೊಬೈಲನ್ನಾಗಲಿ, ತಲೆಯನ್ನಾಗಲಿ ದೂರಬೇಕಿಲ್ಲ. ಬಿಡಿ ಬಿಡಿಯಾಗಿ ಓದೋಕೆ ಕಷ್ಟವಾಗುವ ಹಾಗೇ ಕಟ್ಟಿದ ಪುಸ್ತಕ ಇದು. ಒಂದು ಚೀಟಿಯಲ್ಲಿ ಮೂರು ಸಾಲು ಎಳೆದು ಈ ಮೂರು ಕಾಲ ಬರೆದುಕೊಳ್ಳಿ. ಅದನ್ನೇ ಪುಟಗುರುತು ಮಾಡಿ. ನಿಲ್ಲಿಸುವಾಗ ಯಾವ ಸಾಲಿನಲ್ಲಿದ್ದೀರೋ ಅಲ್ಲೊಂದು ಪೆನ್ಸಿಲ್ ಚುಕ್ಕೆ. ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ಹೇಳಿಕೊಡುತ್ತಿದ್ದೆ, ಹೇಳಿಕೊಟ್ಟವರೆಲ್ಲ ಓದಿ ಮುಗಿಸಿದರು.

ಬೆಳಿಗ್ಗೆ ಸಂಜೆ ಎರಡೂ ಹೊತ್ತು ಓದೋದಕ್ಕಿಂತ ಒಂದೇ ಹೊತ್ತು ಒಂದು ಪೂರ್ತಿ ಅಧ್ಯಾಯ ಓದಿ. ಅಧ್ಯಾಯಗಳು ದೊಡ್ಡವಲ್ಲ. ಬಹುತೇಕ ಏಳೆಂಟು ಪುಟ. ನಲವತ್ತು ನಿಮಿಷಕ್ಕೆ ಒಂದು ಅಥವಾ ಎರಡು ಆಗುತ್ತೆ. ಸಂಜೆ ವಾಪಸ್ ಬರುವಾಗ ಕಿಟಕಿಯಾಚೆ ನೋಡಿಕೊಂಡು ಬನ್ನಿ. ಓದಿದ್ದು ಒಳಗೆ ಕೂರೋಕೆ ಹೊತ್ತು ಬೇಕು. ಶನಿವಾರವೋ ಭಾನುವಾರವೋ ಒಂದೂವರೆ ಗಂಟೆ ಸಿಕ್ಕರೆ ಅದು ಈ ಪುಸ್ತಕಕ್ಕೆ ವಾರವಿಡೀ ಓದಿದ್ದಕ್ಕಿಂತ ಜಾಸ್ತಿ.

ಆಡಿಯೊ ಪುಸ್ತಕ ಕೇಳಬಹುದಾ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಈ ಪುಸ್ತಕಕ್ಕೆ ನಾನು ಅದನ್ನು ಒಪ್ಪಲ್ಲ. ಪುಟದ ಮೇಲೆ ಪತ್ರ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಕಣ್ಣಿಗೆ ಕಾಣುತ್ತೆ. ಕಿವಿಗೆ ಅದು ಸಿಗಲ್ಲ. ಜನಜಂಗುಳಿಯಲ್ಲಂತೂ ಎರಡು ವಾಕ್ಯ ತಪ್ಪಿದರೆ ಇಪ್ಪತ್ತು ವರ್ಷ ಹಿಂದೆ ಮುಂದೆ ಆಗಿಬಿಡುತ್ತೆ.

ಗೂಗಲ್ ಮಾಡೋದನ್ನು ಸ್ವಲ್ಪ ದಿನ ನಿಲ್ಲಿಸಿ. ಊರಿನ ಚಿತ್ರ ನೋಡೋದು ಬೇರೆ. ಇಸ್ತಾನ್‌ಬುಲ್‌ನ ಆಯಾ ಸೋಫಿಯಾದ ಗುಮ್ಮಟವನ್ನೋ ಬಲ್ಗೇರಿಯಾದ ರಿಲಾ ಮಠವನ್ನೋ ನೋಡಿ, ಓದಿನ ರುಚಿ ಹೆಚ್ಚುತ್ತೆ. ಆದರೆ ಪಾತ್ರದ ಹೆಸರು ಹಾಕಿದರೆ ಮೊದಲ ಸಾಲಿನಲ್ಲೇ ಯಾರು ಏನಾದರು ಅಂತ ಬಂದುಬಿಡುತ್ತೆ. ಅನುಮಾನ ಬಂದ ಹೆಸರುಗಳನ್ನು ಚೀಟಿಯ ಹಿಂದೆ ಬರೆದಿಡಿ. ಓದಿ ಮುಗಿದ ಮೇಲೆ ಒಟ್ಟಿಗೆ ಹುಡುಕಿ. ಯಾವುದು ನಿಜ, ಯಾವುದು ಕಟ್ಟಿದ್ದು ಅಂತ ಮೊದಲು ನೀವೇ ಊಹೆ ಮಾಡಿ, ಆಮೇಲೆ ತಾಳೆ ನೋಡಿ. ನಿಮ್ಮ ಕೆಲಸವೇ ಅದಲ್ವಾ, ಚೆನ್ನಾಗಿ ಮಾಡ್ತೀರಿ.

ಸ್ಟೋಕರ್ ಪುಸ್ತಕ ಮೊದಲು ಓದಬೇಕಾ? ಓದಿದ್ದರೆ ಒಳ್ಳೆಯದು. ಓದದಿದ್ದರೆ ಅದಕ್ಕಾಗಿ ಇದನ್ನು ನಿಲ್ಲಿಸಬೇಡಿ. ಮೊದಲ ನಾಲ್ಕು ಅಧ್ಯಾಯ ಮಾತ್ರ ಒಂದು ಭಾನುವಾರ ಓದಿಕೊಂಡರೂ ಸಾಕು. ಅದರ ಹಕ್ಕುಸ್ವಾಮ್ಯ ಮುಗಿದು ಬಹಳ ಕಾಲವಾಯಿತು, ಹಾಗಾಗಿ ಪುಕ್ಕಟೆ ಸಿಗುತ್ತೆ. ಬಿಸಿಲು ಬಿದ್ದರೆ ರಕ್ತಪಿಶಾಚಿ ಸಾಯುತ್ತೆ ಅಂತ ನಾವೆಲ್ಲ ನಂಬಿದ್ದೇವೆ. ಸ್ಟೋಕರ್‌ನ ಡ್ರಾಕುಲಾ ಹಗಲಲ್ಲೇ ಲಂಡನ್ನಿನ ಬೀದಿಯಲ್ಲಿ ಓಡಾಡುತ್ತಾನೆ. ಬಿಸಿಲಿನ ಸಾವು ಬಂದದ್ದು 1922ರ ಜರ್ಮನ್ ಮೂಕಿ ಚಿತ್ರ ‘ನೊಸ್‌ಫೆರಾಟು’ವಿನಿಂದ.

ಇಸ್ತಾನ್‌ಬುಲ್ ಭಾಗ ಪೂರ್ತಿ ಓದಿದ ಮೇಲೂ ಮನಸ್ಸು ಕೂರದಿದ್ದರೆ ಬಿಟ್ಟುಬಿಡಿ. ನಾಚಿಕೆ ಬೇಡ. ಆದರೆ ಅದಕ್ಕಿಂತ ಮೊದಲು ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅಲ್ಲಿಂದ ಮುಂದೆ ದಾರಿ ಬಲ್ಗೇರಿಯಾ ಕಡೆ ತಿರುಗುತ್ತೆ. ಒಂದು ಹಳ್ಳಿಯ ಜಾತ್ರೆಯಲ್ಲಿ ಬರಿಗಾಲಲ್ಲಿ ಕೆಂಡ ತುಳಿಯುವುದು ಬರುತ್ತೆ. ಇದು ಕಲ್ಪನೆ ಅಲ್ಲ. ಬಲ್ಗೇರಿಯಾದ ಸ್ಟ್ರಾಂಜಾ ಬೆಟ್ಟಗಳ ಕಡೆ ಜೂನ್ ತಿಂಗಳಲ್ಲಿ ಸಂತ ಕಾನ್‌ಸ್ಟಾಂಟಿನ್ ಮತ್ತು ಹೆಲೆನಾ ಹಬ್ಬಕ್ಕೆ ಇವತ್ತಿಗೂ ಮಾಡುತ್ತಾರೆ. ನಮ್ಮ ಕಡೆ ಕೊಂಡ ಹಾಯುವುದನ್ನು ನೋಡಿ ಬೆಳೆದವರಿಗೆ ಆ ಪುಟಗಳಲ್ಲಿ ಹೊಗೆಯ ವಾಸನೆ ಬರುತ್ತೆ. ನನಗೆ ಬಂತು. ಅಂಗಾಲು ಚುರುಗುಟ್ಟಿತು.

ಕೊನೆಗೆ ನಿಮ್ಮ ಅತ್ತೆಯ ಮಾತು. ಪುಸ್ತಕ ದಿಂಬಿನ ಪಕ್ಕ ಇದ್ದರೆ ಏನೂ ಆಗಲ್ಲ. ಆದರೆ ಅವರು ಹೇಳಿದ್ದರಲ್ಲಿ ಒಂದು ವಿವೇಕ ಇದೆ. ಮಲಗುವ ಮುಂಚೆ ಇದನ್ನು ಓದಿದರೆ ನಿದ್ದೆ ತಡವಾಗುತ್ತೆ. ಶುರುವಿನಲ್ಲೇ ಗುರು ಮಾಯವಾದ ಕೋಣೆಯ ಸೀಲಿಂಗ್‌ನಲ್ಲಿ ರಕ್ತದ ಕಲೆ ಕಾಣುತ್ತಲ್ಲ, ಅಂಥ ಒಂದು ಸಣ್ಣ ವಿವರ ಮಧ್ಯರಾತ್ರಿ ತಲೆಯಲ್ಲಿ ಸುತ್ತುತ್ತೆ. ರಾತ್ರಿ ಹೊತ್ತು ಪುಸ್ತಕವನ್ನು ಹಾಲ್‌ನಲ್ಲೇ ಇಡಿ. ಅತ್ತೆಗೂ ಸಮಾಧಾನ, ನಿಮಗೂ ನಿದ್ದೆ. ಬಿಡುವಿದ್ದಾಗ ಅವರನ್ನು ಕೂರಿಸಿಕೊಂಡು, ಅವರ ಊರಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಯಾಕೆ ಬರೆಯುತ್ತಿದ್ದರು ಅಂತ ಕೇಳಿ. ಅವರು ಹೇಳಿದ್ದನ್ನು ತಾರೀಖು ಹಾಕಿ ಒಂದು ಕಡೆ ಬರೆದಿಡಿ.